ಅಪ್ಪ ಅಮ್ಮ ಇರುವ ಅನಾಥರು

ನೇಪಾಳಕ್ಕೆ ಹೋಗುವ ಕನ್ನಡಿಗರ ಪ್ರವಾಸಪಟ್ಟಿ ಹೆಚ್ಚುಕಡಿಮೆ ಒಂದೇ ಬಗೆಯದು. ಕಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನ ಮೊದಲು. ಅಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ನಮ್ಮ ಕಡೆಯಿಂದಲೇ ಹೋದವರು ಎಂಬುದು ಹಲವರಿಗೆ ಗೊತ್ತಿದೆ. ಆಮೇಲೆ ಪಾಟನ್ ಮತ್ತು ಭಕ್ತಪುರದ ಹಳೆಯ ಅರಮನೆ ಚೌಕಗಳು, ಚಿತ್ವನ್ ಕಾಡಿನ ಘೇಂಡಾಮೃಗ, ಪೋಖರಾದ ಸರೋವರ, ಅಲ್ಲಿಂದ ಮುಕ್ತಿನಾಥ. ಈ ಪಟ್ಟಿಯನ್ನು ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ನೇಪಾಳದ ಅನಾಥಾಶ್ರಮಗಳ ನಕ್ಷೆ ಹಿಡಿದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. 2014ರ ಹೊತ್ತಿಗೆ ಆ ದೇಶದಲ್ಲಿ 75 ಜಿಲ್ಲೆಗಳಿದ್ದವು. ನೋಂದಾಯಿತ ಬಾಲಗೃಹಗಳಲ್ಲಿ ಶೇ 90ರಷ್ಟು ಇದ್ದದ್ದು ಐದೇ ಜಿಲ್ಲೆಗಳಲ್ಲಿ: ಕಠ್ಮಂಡು, ಲಲಿತಪುರ, ಭಕ್ತಪುರ, ಚಿತ್ವನ್ ಮತ್ತು ಕಾಸ್ಕಿ. ಪಾಟನ್ ಇರುವುದು ಲಲಿತಪುರದಲ್ಲಿ, ಪೋಖರಾ ಇರುವುದು ಕಾಸ್ಕಿಯಲ್ಲಿ. ಬಡತನ, ಕಾಯಿಲೆ, ಅಕಾಲ ಮರಣ ಹೆಚ್ಚಿರುವ ಪಶ್ಚಿಮದ ಕರ್ನಾಲಿ ಬೆಟ್ಟಗಳಲ್ಲಿ ಇಂಥ ಮನೆಗಳು ಬೆರಳೆಣಿಕೆಯಷ್ಟು. ಅನಾಥರು ಹೆಚ್ಚಿರುವಲ್ಲಿ ಹುಟ್ಟಬೇಕಾದ ಆಶ್ರಮಗಳು ಪ್ರವಾಸಿಗಳು ಹೆಚ್ಚಿರುವಲ್ಲಿ ಹುಟ್ಟಿಕೊಂಡಿವೆ.

ಊರು ದೊಡ್ಡದಾದ ಕಡೆ ಶಾಲೆ, ಆಸ್ಪತ್ರೆ, ರಸ್ತೆ ಇರುತ್ತವೆ, ಆಶ್ರಮಗಳೂ ಅಲ್ಲೇ ಇರುವುದು ಸಹಜವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ನೇಪಾಳದಲ್ಲಿ ವಿರಾಟನಗರ, ಬೀರ್‌ಗಂಜ್, ನೇಪಾಳಗಂಜ್ ಕೂಡ ದೊಡ್ಡ ಪಟ್ಟಣಗಳೇ. ಶಾಲೆಯೂ ಆಸ್ಪತ್ರೆಯೂ ಅಲ್ಲಿವೆ. ನೇಪಾಳಗಂಜ್ ಅಂತೂ ಕರ್ನಾಲಿ ಬೆಟ್ಟದವರಿಗೆ ಕಠ್ಮಂಡುವಿಗಿಂತ ಎಷ್ಟೋ ಹತ್ತಿರ. ಈ ಪಟ್ಟಣಗಳಿರುವ ಜಿಲ್ಲೆಗಳು ಮೇಲಿನ ಐದರಲ್ಲಿ ಸೇರಿಲ್ಲ. ಅಲ್ಲಿ ಇಲ್ಲದೆ ಪೋಖರಾ, ಚಿತ್ವನ್‌ಗಳಲ್ಲಿ ಇರುವುದು ವಿದೇಶಿ ಪ್ರವಾಸಿಗಳ ಓಡಾಟ. ಈ ವ್ಯತ್ಯಾಸವನ್ನು ವಿವರಿಸಲು ಬೇರೆ ಕಾರಣ ಹುಡುಕುವುದು ಕಷ್ಟ.

ಇನ್ನು ಆ ಮನೆಗಳ ಒಳಗಿರುವವರು ಯಾರು? ನೇಪಾಳದ ಬಾಲಗೃಹಗಳಲ್ಲಿ ಆಗ ಸುಮಾರು 15 ಸಾವಿರ ಮಕ್ಕಳಿದ್ದರು. ಅವರಲ್ಲಿ ಶೇ 85ರಷ್ಟು ಮಂದಿಗೆ ತಂದೆ ಅಥವಾ ತಾಯಿ, ಕೆಲವರಿಗೆ ಇಬ್ಬರೂ, ಬದುಕಿದ್ದಾರೆ ಎಂದು ಯುನಿಸೆಫ್ ಹೇಳಿತು. ಇದು ನೇಪಾಳಕ್ಕೆ ಮಾತ್ರ ಅಂಟಿದ ವಿಚಿತ್ರವೂ ಅಲ್ಲ. ಕಾಂಬೋಡಿಯಾದಲ್ಲಿ ನಾಲ್ವರಲ್ಲಿ ಮೂವರಿಗೆ ಹೆತ್ತವರಿದ್ದರು. ಜಗತ್ತಿನಾದ್ಯಂತ ಇಂಥ ಸಂಸ್ಥೆಗಳಲ್ಲಿರುವ ಐವರಲ್ಲಿ ನಾಲ್ವರು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆಂದು ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ಬರೆದಿತ್ತು. ಪ್ರವಾಸದ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಬಿಸ್ಕತ್ತಿನ ಪೊಟ್ಟಣ, ಬಣ್ಣದ ಪೆನ್ಸಿಲ್ಲು ಹಿಡಿದು ಅನಾಥಾಶ್ರಮಕ್ಕೆ ಹೋಗುವ ಒಳ್ಳೆಯ ಮನಸ್ಸಿನವರು ಈ ಸಂಖ್ಯೆಯ ಎದುರು ಒಂದು ಕ್ಷಣ ನಿಲ್ಲಬೇಕು. ಯಾರಿಗೂ ಬೇಡವಾದ ಮಗುವೆಂದು ನಾವು ತಲೆ ನೇವರಿಸುವ ಮಗುವಿನ ತಾಯಿ ಬಹಳ ಮಟ್ಟಿಗೆ ಎಲ್ಲೋ ಬದುಕಿದ್ದಾಳೆ. ನನ್ನ ವಾದ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಆ ಮಗು ತಾಯಿಯಿಂದ ದೂರವಾಗಿರುವುದಕ್ಕೆ, ನೋಡಲು ಬರುವ ನಮ್ಮ ಕನಿಕರವೇ ಒಂದು ಮುಖ್ಯ ಕಾರಣ.

ಅದು ಹೇಗೆಂದು ತಿಳಿಯಲು ಹುಮ್ಲಾ ಜಿಲ್ಲೆಗೆ ಹೋಗಬೇಕು. ನೇಪಾಳದ ವಾಯವ್ಯ ಮೂಲೆ, ಟಿಬೆಟ್ಟಿನ ಗಡಿ. ಮೊನ್ನೆ ಮೊನ್ನೆಯವರೆಗೂ ದೇಶದ ರಸ್ತೆ ಜಾಲಕ್ಕೆ ಸೇರದಿದ್ದ ಸೀಮೆ. ಜಿಲ್ಲಾ ಕೇಂದ್ರವಾದ ಸಿಮಿಕೋಟ್‌ನಲ್ಲಿ ಬೆಟ್ಟದ ಹೆಗಲ ಮೇಲೆ ಒಂದು ಚಿಕ್ಕ ವಿಮಾನಪಟ್ಟಿ, ಹಲವು ಹಳ್ಳಿಗಳಿಗೆ ಕಾಲುದಾರಿ. ಬಾರ್ಲಿ ಬೆಳೆಯುವ ಮೆಟ್ಟಿಲು ಹೊಲಗಳು ವರ್ಷವಿಡೀ ಹೊಟ್ಟೆ ತುಂಬಿಸುವುದಿಲ್ಲ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಸಂಘರ್ಷದಲ್ಲಿ ಈ ಬೆಟ್ಟಗಳು ಬಂಡುಕೋರರ ಹಿಡಿತಕ್ಕೆ ಬಂದವು. ಶಾಲೆಗಳು ಮುಚ್ಚಿದವು, ಮಕ್ಕಳನ್ನು ದಳಕ್ಕೆ ಸೇರಿಸಿಕೊಳ್ಳುವ ಭಯ ಮನೆಮನೆಯಲ್ಲಿ ಕೂತಿತು. ಆ ಹೊತ್ತಿನಲ್ಲಿ ಊರಿಗೆ ಬಂದವರು ದಲ್ಲಾಳಿಗಳು. ಹಲವು ಕಡೆ ಅವರು ಊರವರಿಗೆ ಪರಿಚಿತರೇ. ಮಗುವನ್ನು ಕಠ್ಮಂಡುವಿನ ಒಳ್ಳೆಯ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆ, ಇಂಗ್ಲಿಷ್ ಕಲಿಯುತ್ತದೆ, ಸುರಕ್ಷಿತವಾಗಿರುತ್ತದೆ ಎಂದರು. ಹೆತ್ತವರು ನಂಬಿದರು. ಹೊಲ ಮಾರಿ, ಸಾಲ ಮಾಡಿ ದಲ್ಲಾಳಿಗೆ ದುಡ್ಡು ಕೊಟ್ಟವರಿದ್ದಾರೆ. ಮಗುವನ್ನು ಬಿಟ್ಟುಕೊಟ್ಟವರು ಎಂದು ಅವರನ್ನು ಕರೆಯುವುದು ಅನ್ಯಾಯ. ನಮ್ಮ ಹಳ್ಳಿಗಳಲ್ಲಿ ಮಗನನ್ನು ಓದಿಸಲು ಎತ್ತು ಮಾರಿದ ತಂದೆ ಏನು ಮಾಡಿದನೋ ಇವರೂ ಅದನ್ನೇ ಮಾಡಿದ್ದಾರೆ.

ದಲ್ಲಾಳಿಗೆ ಎರಡು ಕಡೆಯಿಂದ ಲಾಭ. ಹೆತ್ತವರಿಂದ ಮೊದಲೇ ಬಂದ ಹಣ ಒಂದು. ಮಗುವನ್ನು ತೋರಿಸಿ ಎತ್ತುವ ದೇಣಿಗೆ ಇನ್ನೊಂದು. ಎರಡನೆಯದಕ್ಕೆ ಮಗು ಅನಾಥವಾಗಿರಬೇಕು. ಅಪ್ಪ ಅಮ್ಮ ಊರಲ್ಲಿ ಗೇಯುತ್ತಿದ್ದಾರೆ ಎಂದರೆ ಪರದೇಶದವರ ಕೈ ಜೇಬಿಗೆ ಹೋಗುವುದಿಲ್ಲ. ಹಾಗಾಗಿ ಕಾಗದ ಹುಟ್ಟುತ್ತದೆ: ತಂದೆ ತೀರಿಕೊಂಡರೆಂಬ ಮರಣಪತ್ರ, ತಾಯಿ ಕಾಣೆಯಾದಳೆಂಬ ಶಿಫಾರಸು ಪತ್ರ, ಕೆಲವು ಸಲ ಹೊಸ ಹೆಸರು. ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರು ಇಂಥ ಮಕ್ಕಳನ್ನು ಕಾಗದದ ಅನಾಥರು ಎನ್ನುತ್ತಾರೆ. ಕಾಗದಗಳು ಎಷ್ಟು ಸುಳ್ಳಾಗಿದ್ದವೆಂದರೆ, 2010ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರ ನೇಪಾಳದಿಂದ ಪರಿತ್ಯಕ್ತ ಮಕ್ಕಳೆಂದು ಬರುವವರ ದತ್ತು ಸ್ವೀಕಾರವನ್ನೇ ನಿಲ್ಲಿಸಿತು. ದಾಖಲೆಗಳನ್ನು ನಂಬಲಾಗುವುದಿಲ್ಲ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಕಾನರ್ ಗ್ರೆನ್ನನ್ ಎಂಬ ಅಮೆರಿಕದ ಯುವಕ ಜಗತ್ತು ಸುತ್ತುವ ಪ್ರವಾಸದ ನಡುವೆ ಕಠ್ಮಂಡು ಕಣಿವೆಯ ಗೋದಾವರಿಯ ಒಂದು ಬಾಲಗೃಹದಲ್ಲಿ ಸ್ವಯಂಸೇವಕನಾಗಿ ಸೇರಿದ್ದ. ತಾನು ನೋಡಿಕೊಳ್ಳುತ್ತಿದ್ದ ಮಕ್ಕಳಿಗೆ ಹುಮ್ಲಾದಲ್ಲಿ ತಂದೆತಾಯಿ ಇದ್ದಾರೆಂದು ತಿಳಿದಾಗ ಅವರನ್ನು ಹುಡುಕಿ ಆ ಬೆಟ್ಟಗಳಿಗೆ ನಡೆದುಹೋದ. ಅದನ್ನು ಕುರಿತು ಆತ ಬರೆದ ‘ಲಿಟ್ಲ್ ಪ್ರಿನ್ಸಸ್’ ಪುಸ್ತಕವೂ, ಆತ ಕಟ್ಟಿದ ನೆಕ್ಸ್ಟ್ ಜನರೇಷನ್ ನೇಪಾಳ್ ಸಂಸ್ಥೆಯ ಕೆಲಸವೂ ಈ ವ್ಯವಹಾರವನ್ನು ಹೊರಜಗತ್ತಿಗೆ ಕಾಣಿಸಿದವು. ಆತ ಮೊದಲು ಬಂದದ್ದು ಇತರ ಪ್ರವಾಸಿಗಳ ಹಾಗೆಯೇ, ಒಳ್ಳೆಯ ಉದ್ದೇಶದಿಂದ. ಒಳ್ಳೆಯ ಉದ್ದೇಶವೊಂದರಿಂದಲೇ ಸತ್ಯ ತಿಳಿಯಲಿಲ್ಲ; ಊರಿಗೆ ಹೋಗಿ ಹೆತ್ತವರನ್ನು ಕಂಡ ಮೇಲೆ ತಿಳಿಯಿತು.

ಕಾಂಬೋಡಿಯಾದ ಲೆಕ್ಕ ಇದಕ್ಕಿಂತಲೂ ಸ್ಪಷ್ಟ. 1975ರಿಂದ 1979ರವರೆಗಿನ ಖಮೇರ್ ರೂಜ್ ಆಳ್ವಿಕೆ ಆ ದೇಶದಲ್ಲಿ ನಿಜವಾದ ಅನಾಥರ ಒಂದು ತಲೆಮಾರನ್ನೇ ಉಳಿಸಿಹೋಗಿತ್ತು. ಆದರೆ ಆಶ್ರಮಗಳ ಸಂಖ್ಯೆ ಏರಿದ್ದು ಆಗಲ್ಲ. ಯುದ್ಧ ಮುಗಿದು, ಆದಾಯ ಏರುತ್ತಿದ್ದ ಕಾಲದಲ್ಲಿ, 2005ರಿಂದ 2010ರ ನಡುವಿನ ಐದೇ ವರ್ಷಗಳಲ್ಲಿ ಅವು ಶೇ 75ರಷ್ಟು ಹೆಚ್ಚಿದವು. ಒಳಗಿದ್ದ ಮಕ್ಕಳು ಸುಮಾರು 6 ಸಾವಿರದಿಂದ 12 ಸಾವಿರದ ಹತ್ತಿರಕ್ಕೆ ಏರಿದರು. ಅದೇ ಐದು ವರ್ಷಗಳಲ್ಲಿ ಆ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗಳು ಸುಮಾರು 14 ಲಕ್ಷದಿಂದ 25 ಲಕ್ಷಕ್ಕೆ ಏರಿದ್ದರು. ಎರಡು ಅಂಕಿಗಳು ಜೊತೆಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ, ಒಪ್ಪುತ್ತೇನೆ. ಆದರೆ ಆಶ್ರಮಗಳು ನಡೆಯುತ್ತಿದ್ದ ರೀತಿ ಕಣ್ಣೆದುರಿಗಿತ್ತು. ಅಂಗ್ಕೋರ್ ವಾಟ್ ನೋಡಲು ಬರುವವರು ತಂಗುವ ಸಿಯೆಮ್ ರೀಪ್‌ನಲ್ಲಿ ಮಕ್ಕಳ ಕೈಗೆ ಕರಪತ್ರ ಕೊಟ್ಟು ಬೀದಿಗೆ ಕಳಿಸುತ್ತಿದ್ದರು. ಸಂಜೆಗೆ ಅವೇ ಮಕ್ಕಳಿಂದ ಪ್ರವಾಸಿಗಳ ಎದುರು ಸಾಂಪ್ರದಾಯಿಕ ನೃತ್ಯ. ಹಣ ಬಂದರೂ ಕಟ್ಟಡ ರಿಪೇರಿಯಾಗುತ್ತಿರಲಿಲ್ಲ. ಮಕ್ಕಳ ಬಟ್ಟೆ ಹರಕಾಗಿದ್ದಷ್ಟು ದೇಣಿಗೆ ಹೆಚ್ಚು. 2011ರಲ್ಲಿ ಯುನಿಸೆಫ್ ಈ ಕುರಿತ ಅಧ್ಯಯನ ಪ್ರಕಟಿಸಿದಾಗ ಅದಕ್ಕೆ ಸದುದ್ದೇಶದಿಂದ ಎಂಬ ಅರ್ಥದ ಹೆಸರಿಟ್ಟಿತು. ಅದೇ ವರ್ಷ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಮಕ್ಕಳು ಪ್ರೇಕ್ಷಣೀಯ ತಾಣಗಳಲ್ಲ ಎಂದು ಸಾರುವ ಪೋಸ್ಟರುಗಳನ್ನು ಅಂಟಿಸಿತು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ನಿಂತ ಮಕ್ಕಳು, ಸುತ್ತ ಫೋಟೊ ತೆಗೆಯುತ್ತಿರುವ ಜನ: ಆ ಚಿತ್ರ ನೋಡಿದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಇಲ್ಲಿ ಒಂದು ಶಬ್ದದ ಬಗ್ಗೆ ಹೇಳಲೇಬೇಕು. ಅನಾಥ ಎಂಬ ಪದ ಕನ್ನಡದಲ್ಲೂ ನೇಪಾಳಿಯಲ್ಲೂ ಒಂದೇ. ನಾಥನಿಲ್ಲದವನು, ಅಂದರೆ ಕಾಯುವವರಿಲ್ಲದ, ದಿಕ್ಕಿಲ್ಲದವನು ಎಂದು ಅದರ ಅರ್ಥ. ತಂದೆತಾಯಿ ಸತ್ತವನು ಎಂದು ಅದು ಹೇಳುವುದಿಲ್ಲ. ಆ ಅರ್ಥಕ್ಕೆ ನಮ್ಮಲ್ಲಿ ತಬ್ಬಲಿ ಎಂಬ ಬೇರೆ ಮಾತೇ ಇದೆ. ತಬ್ಬಲಿಯಾದ ಮಗು ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಬೆಳೆದರೆ ಅದನ್ನು ಹಳ್ಳಿಯಲ್ಲಿ ಯಾರೂ ಅನಾಥ ಎನ್ನುವುದಿಲ್ಲ. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಈ ಎರಡೂ ಕಲೆತುಹೋಗಿವೆ. ತಂದೆತಾಯಿಯಲ್ಲಿ ಒಬ್ಬರನ್ನು ಕಳೆದುಕೊಂಡರೂ ಅನಾಥರೆಂದೇ ವಿಶ್ವಸಂಸ್ಥೆಯ ಸಂಸ್ಥೆಗಳು ಎಣಿಸುತ್ತವೆ. 2015ರಲ್ಲಿ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥರಿದ್ದಾರೆಂಬ ಅಂಕಿ ಹುಟ್ಟಿದ್ದು ಹೀಗೆ. ಅವರಲ್ಲಿ ಇಬ್ಬರನ್ನೂ ಕಳೆದುಕೊಂಡವರು ಸುಮಾರು ಒಂದೂವರೆ ಕೋಟಿ. ಅವರಲ್ಲೂ ಬಹುಪಾಲು ಮಂದಿ ಅಜ್ಜ ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮಂದಿರ ಆಸರೆಯಲ್ಲಿದ್ದಾರೆ. 14 ಕೋಟಿ ಎಂಬ ಅಂಕಿಯನ್ನು ಓದಿದವರ ಕಣ್ಣಿಗೆ ಮಾತ್ರ ಸಾಲು ಮಂಚಗಳ ಮೇಲೆ ಒಂಟಿಯಾಗಿ ಕೂತ ಮಕ್ಕಳೇ ಕಾಣುತ್ತಾರೆ. ಹೊಸ ಆಶ್ರಮ ಕಟ್ಟಲು ಹಣ ಹರಿಯುತ್ತದೆ.

ಹಣದ ವಿಚಾರ ಹಾಗಿರಲಿ, ಒಂದು ಗಂಟೆ ಮಕ್ಕಳೊಂದಿಗೆ ಆಡಿ ನಗಿಸಿ ಬಂದರೆ ಅದರಿಂದಾಗುವ ಕೆಡುಕೇನು ಎಂಬ ಮಾತು ಬರುತ್ತದೆ. ಮಕ್ಕಳು ಓಡಿಬಂದು ಅಪ್ಪಿಕೊಳ್ಳುತ್ತವೆ, ಹೊರಟಾಗ ಬಿಡುವುದಿಲ್ಲ, ಇಷ್ಟು ಪ್ರೀತಿಗಾಗಿ ಹಸಿದಿವೆಯಲ್ಲ ಎಂದು ಬಂದವರ ಕಣ್ಣು ತುಂಬುತ್ತದೆ. ಮನೆಯಲ್ಲಿ ಬೆಳೆಯುವ ಮೂರು ವರ್ಷದ ಮಗು ಏನು ಮಾಡುತ್ತದೆಂದು ನೆನಪಿಸಿಕೊಳ್ಳಿ. ಹೊಸಬರು ಬಂದರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ಆಮೇಲೆ ಇಣುಕುತ್ತದೆ. ಅಮ್ಮ ನಕ್ಕರೆ ತಾನೂ ನಗುತ್ತದೆ. ಆ ಹಿಂಜರಿಕೆಯೇ ಆರೋಗ್ಯದ ಲಕ್ಷಣ. ತನ್ನವರು ಯಾರು, ಹೊರಗಿನವರು ಯಾರು ಎಂದು ಅದು ಬಲ್ಲದು. ಕಂಡ ಕಂಡವರ ತೋಳಿಗೆ ಹಾರುವ ಮಗುವಿಗೆ ಆ ವ್ಯತ್ಯಾಸ ಗೊತ್ತಾಗುವ ಹಾಗೆ ಯಾರೂ ಅದರ ಪಕ್ಕದಲ್ಲಿ ಉಳಿದಿಲ್ಲ. ಮಕ್ಕಳ ಮನೋವಿಜ್ಞಾನ ಇದನ್ನು ಗುರುತಿಸಿ ದಶಕಗಳೇ ಆದವು. 1951ರಲ್ಲಿ ಜಾನ್ ಬೋಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವರದಿಯ ತಿರುಳೇ, ಎಳೆಯ ಮಗುವಿಗೆ ಅನ್ನದಷ್ಟೇ ಅಗತ್ಯವಾದದ್ದು ಬದಲಾಗದ ಒಂದು ಮಡಿಲು ಎಂಬುದು. ಒಬ್ಬರ ನಂತರ ಒಬ್ಬರಂತೆ ಬಂದು, ಮುದ್ದು ಮಾಡಿ, ಮರಳಿ ಬಾರದೆ ಹೋಗುವವರಿಂದ ಮಗು ಕಲಿಯುವ ಪಾಠ ಒಂದೇ: ಹತ್ತಿರ ಬಂದವರೆಲ್ಲ ಹೋಗಿಬಿಡುತ್ತಾರೆ. ದಕ್ಷಿಣ ಆಫ್ರಿಕದ ಬಾಲಗೃಹಗಳಿಗೆ ಬರುವ ಅಲ್ಪಕಾಲದ ಸ್ವಯಂಸೇವಕರ ಬಗ್ಗೆ ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ಬರೆದ ಲೇಖನ ಎಚ್ಚರಿಸಿದ್ದೂ ಇದನ್ನೇ.

ರೊಮೇನಿಯಾ ಇದಕ್ಕೆ ಕೊಟ್ಟ ಪುರಾವೆ ಇನ್ನೂ ಗಟ್ಟಿ. 1989ರಲ್ಲಿ ಚೌಶೆಸ್ಕು ಆಡಳಿತ ಕುಸಿದಾಗ ಅಲ್ಲಿನ ಸರ್ಕಾರಿ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಕೆಲವು ವರ್ಷಗಳ ನಂತರ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ವಿಜ್ಞಾನಿಗಳು ಅಂಥ 136 ಎಳೆಯ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ಸಾಕು ಕುಟುಂಬಗಳಿಗೆ ಹೋಯಿತು. ಇನ್ನೊಂದು ಅದುವರೆಗೆ ಇದ್ದಂತೆ ಸಂಸ್ಥೆಯಲ್ಲೇ ಮುಂದುವರಿಯಿತು. 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ ಕುಟುಂಬಕ್ಕೆ ಹೋದವರ ಬುದ್ಧಿಶಕ್ತಿಯ ಬೆಳವಣಿಗೆ ಎದ್ದು ಕಾಣುವಷ್ಟು ಮುಂದಿತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರದು ಎಲ್ಲರಿಗಿಂತ ಚೆನ್ನಾಗಿತ್ತು. ರೊಮೇನಿಯಾದ ಸಂಸ್ಥೆಗಳಷ್ಟು ಕ್ರೂರ ವಾತಾವರಣ ಎಲ್ಲ ಕಡೆ ಇಲ್ಲ ನಿಜ. ಆದರೂ ಹತ್ತು ಮಕ್ಕಳಿಗೆ ಒಬ್ಬ ಆಯಾ, ಅವಳೂ ಪಾಳಿ ಮುಗಿದ ಮೇಲೆ ಬದಲಾಗುವ ವ್ಯವಸ್ಥೆಯಲ್ಲಿ ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಮಡಿಲು ಸಿಗುವುದು ಕಷ್ಟ. ಅದರ ಮೇಲೆ ಬಾಗಿಲು ಎಲ್ಲರಿಗೂ ತೆರೆದಿರುವ ಮನೆಯಲ್ಲಿ ಒಳಬರುವವರ ಹಿನ್ನೆಲೆಯನ್ನು ಯಾರೂ ವಿಚಾರಿಸುವುದಿಲ್ಲ. ನಮ್ಮ ಮಗುವಿನ ಶಾಲೆಗೆ ಅಪರಿಚಿತರು ಕ್ಯಾಮೆರಾ ಹಿಡಿದು ನುಗ್ಗಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ನಾವು ಸುಮ್ಮನಿರುತ್ತೇವೆಯೇ? ಮಕ್ಕಳ ಮೇಲೆ ಕೆಟ್ಟ ಕಣ್ಣಿರುವವರಿಗೂ ಅದೇ ಬಾಗಿಲು ತೆರೆದಿರುತ್ತದೆ.

ಹಾಗಾದರೆ ನಿಜವಾಗಿ ಯಾರೂ ಇಲ್ಲದ ಮಕ್ಕಳ ಗತಿ ಏನು, ಎಂಬುದು ಬಲವಾದ ಆಕ್ಷೇಪ. ಅಂಥ ಮಕ್ಕಳಿದ್ದಾರೆ. ಮನೆಯಲ್ಲೇ ಹಿಂಸೆಗೆ ಒಳಗಾಗಿ ಅಲ್ಲಿಗೆ ಮರಳಲಾಗದ ಮಕ್ಕಳೂ ಇದ್ದಾರೆ. ಅವರಿಗೆ ಸಂಬಂಧಿಕರ ಮನೆ, ಸಾಕು ಕುಟುಂಬ, ದತ್ತು, ಇವು ಯಾವುವೂ ಒದಗದಿದ್ದಾಗ ಚಿಕ್ಕದಾದ, ಚೆನ್ನಾಗಿ ನಡೆಯುವ ಬಾಲಗೃಹ ಬೇಕಾಗುತ್ತದೆ. 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯೂ ಸಂಸ್ಥೆ ಕೊನೆಯ ದಾರಿ, ಬಡತನವೊಂದೇ ಮಗುವನ್ನು ಮನೆಯಿಂದ ಬೇರ್ಪಡಿಸಲು ಕಾರಣವಾಗಬಾರದು ಎಂದೇ ಹೇಳುತ್ತದೆ. ನೇಪಾಳ 2018ರಲ್ಲಿ ತಂದ ಮಕ್ಕಳ ಕಾಯಿದೆ ಅದೇ ದಾರಿ ಹಿಡಿದಿದೆ. ಆದರೆ ಹೀಗೆ ಎಲ್ಲ ಆಸರೆ ಕಳೆದುಕೊಂಡು ಬಂದ ಮಕ್ಕಳಿಗೇ ಪ್ರವಾಸಿಗಳ ಭೇಟಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವಂಥದ್ದು. ಚೆನ್ನಾಗಿ ನಡೆಯುವ ಮನೆ ಯಾವುದೆಂದು ಪ್ರವಾಸಿ ಹೇಗೆ ತಿಳಿಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸರಳ: ಮುನ್ಸೂಚನೆಯಿಲ್ಲದೆ ಹೋದ ನಿಮ್ಮನ್ನು ಗೇಟಿನಲ್ಲೇ ನಿಲ್ಲಿಸಿ, ಮಕ್ಕಳನ್ನು ತೋರಿಸುವುದಿಲ್ಲ ಎನ್ನುವ ಮನೆ ಒಳ್ಳೆಯದಿರಬಹುದು. ಒಳಗೆ ಕರೆದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡು ಹೇಳಿಸುವ ಮನೆಯ ಬಗ್ಗೆ ಅನುಮಾನ ಇರಲಿ.

ಇನ್ನೊಂದು ಆಕ್ಷೇಪ ಊಟದ್ದು. ಪ್ರವಾಸಿಗಳು ಬರದಿದ್ದರೆ ಈಗ ಒಳಗಿರುವ ಮಕ್ಕಳಿಗೆ ನಾಳೆ ಅನ್ನ ಹಾಕುವವರು ಯಾರು? ಇದನ್ನು ತಳ್ಳಿಹಾಕುವುದು ಸರಿಯಲ್ಲ. ದೇಣಿಗೆ ದಿಢೀರನೆ ನಿಂತರೆ ಮೊದಲ ಪೆಟ್ಟು ಮಕ್ಕಳಿಗೇ ಬೀಳುತ್ತದೆ. ಆದ್ದರಿಂದ ಈಗಾಗಲೇ ಒಂದು ಮನೆಗೆ ನಿಯತವಾಗಿ ಹಣ ಕಳಿಸುತ್ತಿರುವವರು ಒಮ್ಮೆಗೇ ನಿಲ್ಲಿಸದೆ, ಈ ಮಗುವಿನ ಹೆತ್ತವರು ಎಲ್ಲಿದ್ದಾರೆ, ಮನೆಗೆ ಮರಳಿಸಲು ಏನು ಬೇಕು ಎಂದು ಕೇಳಿ ಹಣವನ್ನು ಆ ಕೆಲಸಕ್ಕೆ ತಿರುಗಿಸಬೇಕು. ಲೆಕ್ಕವೂ ಇದರ ಪರವಾಗಿಯೇ ಇದೆ. ತಾಂಜಾನಿಯಾದ ಕಗೇರಾ ಪ್ರದೇಶದಲ್ಲಿ ವಿಶ್ವಬ್ಯಾಂಕ್ ನೋಡಿದಾಗ ಸಂಸ್ಥೆಯಲ್ಲಿ ಒಂದು ಮಗುವನ್ನು ಸಾಕುವ ಖರ್ಚು ಸಾಕು ಕುಟುಂಬದಲ್ಲಿ ಸಾಕುವುದಕ್ಕಿಂತ ಆರು ಪಟ್ಟಿನ ಹತ್ತಿರವಿತ್ತು. ಕಟ್ಟಡ, ಕಾವಲು, ಅಡುಗೆಯವರು, ಲೆಕ್ಕದವರು ಎಲ್ಲರ ಸಂಬಳ ಕಳೆದ ಮೇಲೆ ಮಗುವಿನ ತಟ್ಟೆಗೆ ಬೀಳುವುದು ಅಷ್ಟಿಷ್ಟು. ತಾಯಿಯ ಕೈಗೆ ಹೋದರೆ ಅದೇ ಹಣದಲ್ಲಿ ತಮ್ಮ ತಂಗಿಯರೂ ಉಣ್ಣುತ್ತಾರೆ.

ಬೇಡಿಕೆ ಎಷ್ಟು ಬೇಗ ಮಕ್ಕಳನ್ನು ಎಳೆದು ತರುತ್ತದೆ ಎಂಬುದಕ್ಕೆ 2015ರ ಏಪ್ರಿಲ್ 25ರ ಭೂಕಂಪ ಸಾಕ್ಷಿ. ಸುಮಾರು 9 ಸಾವಿರ ಜನ ಸತ್ತ ಆ ದುರಂತದ ನಂತರ ಜಗತ್ತಿನೆಲ್ಲೆಡೆಯಿಂದ ಅನಾಥ ಮಕ್ಕಳಿಗಾಗಿ ಹಣ ಬರುವುದು ಖಚಿತವಾಯಿತು, ದಲ್ಲಾಳಿಗಳು ಕುಸಿದ ಹಳ್ಳಿಗಳಿಗೆ ಇಳಿದರು. ನೇಪಾಳ ಸರ್ಕಾರ ಈ ಬಾರಿ ಬೇಗ ಎಚ್ಚೆತ್ತಿತು: ಹೊಸ ಬಾಲಗೃಹಗಳಿಗೆ ತಡೆ, ವಿದೇಶಿ ದತ್ತು ಸ್ಥಗಿತ, ಹೆತ್ತವರಿಲ್ಲದೆ ಮಕ್ಕಳು ಜಿಲ್ಲೆ ದಾಟದಂತೆ ತಪಾಸಣೆ. ಜೂನ್ ಹೊತ್ತಿಗೆ, ಸಾಗಣೆಯಾಗುತ್ತಿದ್ದ ಅಥವಾ ಅನಗತ್ಯವಾಗಿ ಬಾಲಗೃಹಕ್ಕೆ ಸೇರಿಸಲಾಗುತ್ತಿದ್ದ 245 ಮಕ್ಕಳನ್ನು ದಾರಿಯಲ್ಲೇ ತಡೆದು ಉಳಿಸಲಾಗಿತ್ತು ಎಂದು ಯುನಿಸೆಫ್ ಹೇಳಿತು. ಬೇರೆ ದೇಶಗಳೂ ನಿಧಾನಕ್ಕೆ ಇದನ್ನು ಅಪರಾಧದ ಕಣ್ಣಿನಿಂದ ನೋಡತೊಡಗಿವೆ. ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲಿ ಅನಾಥಾಶ್ರಮಕ್ಕಾಗಿ ನಡೆಯುವ ಮಕ್ಕಳ ಸಾಗಣೆಯನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅನಾಥಾಶ್ರಮಗಳ ಸ್ವಯಂಸೇವೆ ಮತ್ತು ಪ್ರವಾಸದಿಂದಾಗುವ ಹಾನಿಯನ್ನು ತಡೆಯಿರೆಂದು ದೇಶಗಳಿಗೆ ಹೇಳಿತು.

ನಮ್ಮಲ್ಲಿ ಇದಕ್ಕೆ ಉತ್ತರವಾಗಿ ಬರುವ ಮಾತು ದಾನದ್ದು. ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ಆಶ್ರಮದ ಮಕ್ಕಳಿಗೆ ಊಟ ಹಾಕಿಸುವುದು ನಮ್ಮ ಊರುಗಳಲ್ಲಿ ರೂಢಿ. ವಿದೇಶಕ್ಕೆ ಹೋದಾಗಲೂ ಆ ರೂಢಿ ಜೊತೆಯಲ್ಲೇ ಬರುತ್ತದೆ. ಕಷ್ಟ ಏನೆಂದು ನಮ್ಮ ಮಕ್ಕಳಿಗೂ ಗೊತ್ತಾಗಲಿ ಎಂದು ಅವರನ್ನೂ ಕರೆದೊಯ್ಯುತ್ತೇವೆ. ಅನ್ನ ಕೊಡುವ ಕೈಯನ್ನು ನಾನು ಹಳಿಯಲಾರೆ. ಆದರೆ ಒಂದು ಮಗುವಿನ ದುಃಖ ಇನ್ನೊಂದು ಮಗುವಿಗೆ ಪಾಠವಾಗಬಾರದು. ಮೇಣದಬತ್ತಿ ಆರಿಸಿ ಕೇಕು ಕತ್ತರಿಸುವ ಮಗುವಿನ ಎದುರು ಚಪ್ಪಾಳೆ ತಟ್ಟಲು ಕೂತ ಇಪ್ಪತ್ತು ಮಕ್ಕಳಲ್ಲಿ ತಮ್ಮ ಹುಟ್ಟಿದ ದಿನ ಗೊತ್ತಿಲ್ಲದವರು ಎಷ್ಟಿರಬಹುದು ಎಂದು ಯೋಚಿಸಿದರೆ ಸಾಕು. ನಮ್ಮ 2015ರ ಬಾಲನ್ಯಾಯ ಕಾಯಿದೆ ರಕ್ಷಣೆ ಬೇಕಾದ ಮಕ್ಕಳ ಗುರುತು, ಚಿತ್ರ ಹೊರಬರದಂತೆ ತಡೆದಿರುವುದೂ ಇಂಥ ಗೌರವಕ್ಕಾಗಿಯೇ. ನಮ್ಮ ದೇಶದಲ್ಲಿ ತಡೆದದ್ದನ್ನು ಕಠ್ಮಂಡುವಿನಲ್ಲಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕುವುದು ಸರಿಯಾಗುವುದು ಹೇಗೆ?

ನಮ್ಮ ನೆಲದಲ್ಲೇ ಇದಕ್ಕಿಂತ ಒಳ್ಳೆಯ ಮಾದರಿ ಇದೆ. ತುಮಕೂರಿನ ಸಿದ್ಧಗಂಗೆ, ಮೈಸೂರು ಸೀಮೆಯ ಸುತ್ತೂರು, ಇಂಥ ಹಲವು ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ, ಸರ್ಕಾರದ ಹಾಸ್ಟೆಲ್ಲುಗಳಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಬಡವರ ಸಾವಿರಾರು ಮಕ್ಕಳು ಉಂಡು ಓದಿ ದೊಡ್ಡವರಾಗಿದ್ದಾರೆ. ಹುಮ್ಲಾದ ತಂದೆ ಬಯಸಿದ್ದೂ ಅದನ್ನೇ: ಮಗುವಿಗೆ ಊಟ, ಓದು, ರಕ್ಷಣೆ. ಆದರೆ ಇಲ್ಲಿನ ಹುಡುಗನ ದಾಖಲೆಯಲ್ಲಿ ಅಪ್ಪನ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ. ದಸರೆಗೂ ಬೇಸಿಗೆಗೂ ಅವನು ಮನೆಗೆ ಹೋಗುತ್ತಾನೆ. ಜಾತ್ರೆಗೆ ಬಂದ ಅಮ್ಮ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ನೋಡಿ ಹೋಗುತ್ತಾಳೆ. ಓದಿಸಲು ಅವನನ್ನು ಯಾರೂ ಅನಾಥನನ್ನಾಗಿ ಮಾಡಲಿಲ್ಲ. ಇಂಥ ವಸತಿಗೂ ತನ್ನದೇ ಕೊರತೆಗಳಿವೆ, ಚಿಕ್ಕ ಮಕ್ಕಳಿಗೆ ಅದು ಒಪ್ಪುವುದೂ ಇಲ್ಲ. ಆದರೂ ಬಡತನ ಒಂದು, ದಿಕ್ಕಿಲ್ಲದಿರುವುದು ಇನ್ನೊಂದು ಎಂಬ ವಿವೇಕ ಅದರಲ್ಲಿ ಉಳಿದಿದೆ.

ಕೊರೊನಾ ಕಾಲ ಭಾರತದಲ್ಲೂ ಒಂದು ಸತ್ಯವನ್ನು ಹೊರತಂದಿತು. ಲಾಕ್‌ಡೌನ್ ಆರಂಭವಾದಾಗ ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಸುಮಾರು 2.27 ಲಕ್ಷ ಮಕ್ಕಳಿದ್ದರು. 2020ರ ಡಿಸೆಂಬರ್ ಹೊತ್ತಿಗೆ ಅವರಲ್ಲಿ ಸುಮಾರು 1.45 ಲಕ್ಷ ಮಂದಿಯನ್ನು ಕುಟುಂಬಗಳಿಗೆ ಕಳಿಸಲಾಗಿತ್ತು ಎಂಬ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವಸರದಲ್ಲಿ ಕಳಿಸಿದ್ದು ಎಲ್ಲರಿಗೂ ಒಳ್ಳೆಯದಾಯಿತೆಂದು ನಾನು ಹೇಳುವುದಿಲ್ಲ. ಹೋಗಲು ಮನೆಯಿತ್ತು ಎಂಬುದಂತೂ ನಿಜ. ಹಾಗೆ ಮರಳಿದ ಮಕ್ಕಳ ಓದಿಗಾಗಿ ತಿಂಗಳಿಗೆ 2 ಸಾವಿರ ರೂಪಾಯಿ ಕೊಡಬೇಕೆಂದು ನ್ಯಾಯಾಲಯ ಆಗ ಹೇಳಿತು. ಈಗ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4 ಸಾವಿರ ರೂಪಾಯಿ, ವಿಧವೆ ತಾಯಿಯಂಥವರ ಮಗು ಮನೆಯಲ್ಲೇ ಉಳಿದು ಓದಲೆಂದು ಕೊಡಲಾಗುತ್ತದೆ. ಎಷ್ಟೋ ತಾಯಂದಿರಿಗೆ ಈ ಯೋಜನೆಯ ಹೆಸರೂ ಗೊತ್ತಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ತುಂಬಿಸಿಕೊಡುವುದು ಒಂದು ಮಧ್ಯಾಹ್ನದ ಕೆಲಸ; ಆಶ್ರಮ ನೋಡಿಬರಲು ಹಿಡಿಯುವಷ್ಟೇ ಹೊತ್ತು.

ಕೈಲಾಸ ಮಾನಸಸರೋವರಕ್ಕೆ ನೇಪಾಳದ ಮೂಲಕ ಹೋಗುವ ಕನ್ನಡ ಯಾತ್ರಿಕರಲ್ಲಿ ಹಲವರು ಹುಮ್ಲಾವನ್ನು ದಾಟಿಯೇ ಹೋಗುತ್ತಾರೆ. ನೇಪಾಳಗಂಜ್‌ನಿಂದ ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆಗೆ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಗಡಿಯ ಹಿಲ್ಸಾ. ಹವಾಮಾನ ಕೆಟ್ಟರೆ ಸಿಮಿಕೋಟ್‌ನಲ್ಲಿ ಒಂದೆರಡು ದಿನ ಕೂರಬೇಕಾಗುತ್ತದೆ. ಕಠ್ಮಂಡುವಿನ ಬಾಲಗೃಹದಿಂದ ಮಗುವಿನ ಊರು ಹುಡುಕಿಕೊಂಡು ಬರುವವರು ಇಳಿಯುವುದೂ ಇದೇ ವಿಮಾನಪಟ್ಟಿಯಲ್ಲಿ. ಅಲ್ಲಿಂದ ಮುಂದೆ ಅವರು ನಡೆಯುತ್ತಾರೆ, ಕೆಲವು ಹಳ್ಳಿಗಳಿಗೆ ದಿನಗಟ್ಟಲೆ. ಅವರ ಬಳಿ ಇರುವುದು ಒಂದು ಫೋಟೊ ಮತ್ತು ಮಗುವಿಗೆ ಉಳಿದಿರುವ ನೆನಪು: ಮನೆಯ ಕೆಳಗಿನ ಹೊಳೆ, ಅಕ್ಕನ ಹೆಸರು, ದನ ಕಟ್ಟುತ್ತಿದ್ದ ಜಾಗ. ಕಾಗದದಲ್ಲಿ ಸತ್ತಿದ್ದ ತಂದೆ ಅಲ್ಲಿ ಸಿಕ್ಕಾಗ ಕೆಲಸ ಮುಗಿಯುವುದಿಲ್ಲ. ಎಂಟು ಹತ್ತು ವರ್ಷ ದೂರವಿದ್ದ ಮಗು ಊರಿನ ಮಾತನ್ನೇ ಮರೆತಿರಬಹುದು. ಹೊಲ ದಲ್ಲಾಳಿಯ ಸಾಲಕ್ಕೆ ಹೋಗಿರಬಹುದು. ಮನೆಯಲ್ಲಿ ಎಷ್ಟು ತಿಂಗಳಿಗೆ ಸಾಲುವಷ್ಟು ಧಾನ್ಯವಿದೆ, ಮಗುವನ್ನು ಕಳಿಸಿದ್ದೇಕೆ, ಮತ್ತೆ ಕಳಿಸುವ ಸ್ಥಿತಿ ಬಂದೀತೇ, ಹತ್ತಿರದ ಶಾಲೆ ಎಷ್ಟು ನಡಿಗೆಯ ದೂರ, ಅಲ್ಲಿ ಮೇಷ್ಟ್ರು ಬರುತ್ತಾರೆಯೇ ಎಂದು ಕೂತು ವಿಚಾರಿಸಿ ಬರೆದುಕೊಂಡು, ಅವರು ಮತ್ತೆ ಸಿಮಿಕೋಟ್‌ನ ಹಾದಿ ಹಿಡಿಯುತ್ತಾರೆ.